ಶುಲ್ಕ ಕಟ್ಟಿದರೆ ಮುಗಿಯಲಿಲ್ಲ

ಮಾನ್ಯ ಸಂಪಾದಕರೇ,

ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಬಡ ವಿದ್ಯಾರ್ಥಿನಿಗೆ ನೆರವು ಬೇಕಿದೆ’ ಅನ್ನೋ ಸುದ್ದಿ ಬರುತ್ತದೆ. ಓದಿ ಮನಸ್ಸು ಕರಗಿ ಹಣ ಕಳಿಸುವವರು ತುಂಬಾ ಜನ ಇದ್ದಾರೆ. ನಾನೂ ಅವರಲ್ಲೊಬ್ಬಳು. ತಂದೆ ತಾಯಿ ಇಲ್ಲದೆ ಆಶ್ರಯಧಾಮದಲ್ಲಿ ಬೆಳೆದ ಹುಡುಗಿಯೊಬ್ಬಳ ಓದಿನ ಖರ್ಚನ್ನು ಮೂರು ವರ್ಷ ನೋಡಿಕೊಂಡೆ. ಶುಲ್ಕ ಒಂದು ಸಲವೂ ತಡವಾಗಲಿಲ್ಲ. ನಾಲ್ಕನೇ ವರ್ಷ ಅವಳು ಕಾಲೇಜಿಗೆ ಸೇರಲೇ ಇಲ್ಲ. ದುಡ್ಡಿನ ತೊಂದರೆ ಏನೂ ಇರಲಿಲ್ಲ, ಅರ್ಜಿ ಕೊಡುವ ಕೊನೆಯ ದಿನ ಕಳೆದುಹೋಗಿತ್ತು ಅಷ್ಟೇ.

ಯಾಕೆ ಹೀಗಾಯ್ತು ಅಂತ ಕೇಳೋಕೆ ಹೋದೆ. ಅವಳು ಆ ಅರ್ಜಿಯನ್ನೇ ತಂದು ತೋರಿಸಿದಳು. ಹೆಸರು, ಹುಟ್ಟಿದ ದಿನ, ಅಂಕ ಎಲ್ಲವನ್ನೂ ದುಂಡಗೆ ಬರೆದಿದ್ದಳು. ‘ತಂದೆಯ ಹೆಸರು’ ಅನ್ನೋ ಕಡೆ ಮಾತ್ರ ಪೆನ್ಸಿಲ್ಲಿನಲ್ಲಿ ಏನೋ ಬರೆದು ಅಳಿಸಿ, ಮತ್ತೆ ಬರೆದು ಮತ್ತೆ ಅಳಿಸಿ, ಕಾಗದ ತೆಳ್ಳಗಾಗಿ ಹರಿಯೋ ಹಾಗಾಗಿತ್ತು. ಅಲ್ಲಿ ಏನು ಬರೀಬೇಕು ಅಂತ ಯಾರನ್ನ ಕೇಳೋದು ಅಂತ ಅವಳಿಗೆ ತಿಳಿಯಲಿಲ್ಲ. ಕೇಳೋಕೆ ನಾಚಿಕೆ ಬೇರೆ. ಪಕ್ಕದಲ್ಲಿ ಒಬ್ಬರು ದೊಡ್ಡವರು ಇದ್ದಿದ್ದರೆ ಎರಡು ನಿಮಿಷದ ಮಾತು. ಮೂರು ವರ್ಷದಲ್ಲಿ ನಾನು ಅವಳ ಅಂಕಪಟ್ಟಿಯನ್ನು ತಪ್ಪದೆ ತರಿಸಿಕೊಂಡು ನೋಡಿದ್ದೆ, ಅವಳ ಜೊತೆ ಒಂದು ಗಂಟೆ ಕೂತು ಮಾತಾಡಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಓದು ನಿಂತ ಹುಡುಗಿಗೆ ಒಂದು ವರ್ಷ ಅನ್ನೋದು ಸಣ್ಣದಲ್ಲ. ಮನೆ ಇದ್ದರೆ ಮನೆಗೆಲಸ, ತಮ್ಮ ತಂಗಿಯರ ಜವಾಬ್ದಾರಿ, ಆಮೇಲೆ ಮದುವೆ ಮಾತು. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 1.2 ಕೋಟಿ ಹುಡುಗಿಯರಿಗೆ 18 ತುಂಬುವ ಮೊದಲೇ ಮದುವೆ ಆಗುತ್ತದೆ ಅಂತ ಯುನಿಸೆಫ್ ಹೇಳುತ್ತದೆ. ಪುಣ್ಯಕ್ಕೆ ನಾನು ನೋಡಿಕೊಳ್ಳುತ್ತಿದ್ದ ಹುಡುಗಿ ಮರುವರ್ಷ ಸೇರಿದಳು. ಆದರೆ ಎಲ್ಲರಿಗೂ ಆ ಮರುವರ್ಷ ಸಿಗೋದಿಲ್ಲ.

ಆವತ್ತಿನಿಂದ ತಿಂಗಳಿಗೆ ಎರಡು ಸಲ ಆ ಆಶ್ರಯಧಾಮದ ದೊಡ್ಡ ಹುಡುಗಿಯರ ಜೊತೆ ಕೂರುತ್ತೇನೆ. ಪಾಠ ಹೇಳೋಕಲ್ಲ. ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿ ತುಂಬೋದು, ಕೆಲಸಕ್ಕೆ ಸೇರುವಾಗ ಕೊಡುವ ಕಾಗದವನ್ನು ಪೂರ್ತಿ ಓದಿ ಸಹಿ ಹಾಕೋದು, ಒಬ್ಬಳೇ ಡಾಕ್ಟರ್ ಹತ್ತಿರ ಹೋಗಿ ಮುಟ್ಟಿನ ತೊಂದರೆಯನ್ನು ಬಾಯಿಬಿಟ್ಟು ಹೇಳೋದು, ಫೋನಿಗೆ ಬಂದ ಒಟಿಪಿಯನ್ನು ಯಾರು ಎಷ್ಟೇ ಸಿಹಿಯಾಗಿ ಕೇಳಿದರೂ ಕೊಡದೇ ಇರೋದು, ಇಂಥವು. ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಹುಡುಗಿ ಆ ಚೀಟಿಯಲ್ಲಿ ‘ಮೊತ್ತ ಅಕ್ಷರಗಳಲ್ಲಿ’ ಅನ್ನೋದನ್ನ ನೋಡಿ ಪೆನ್ನು ಹಿಡಿದುಕೊಂಡು ಸುಮ್ನೆ ಕೂತುಬಿಟ್ಟಳು. ಅದು ದಡ್ಡತನ ಅಲ್ಲವೇ ಅಲ್ಲ. ನಮ್ಮ ಮಕ್ಕಳು ನಮ್ಮ ಕೈ ಹಿಡಿದು ಸರತಿಯಲ್ಲಿ ನಿಂತು ಇದನ್ನೆಲ್ಲ ತಮಗೇ ಗೊತ್ತಾಗದ ಹಾಗೆ ಕಲಿತುಬಿಡುತ್ತಾರೆ, ಅಲ್ವಾ? ಇವರಿಗೆ ಆ ಕೈ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟ ಅಂದರೆ ‘ಆಗಲ್ಲ’ ಅನ್ನೋದನ್ನ ಕಲಿಸೋದು. ಹುಟ್ಟಿದಾಗಿನಿಂದ ಬೇರೆಯವರು ಕೊಟ್ಟಿದ್ದರಲ್ಲೇ ಬೆಳೆದ ಮಗುವಿಗೆ ಎದುರು ಮಾತಾಡಿದರೆ ಇದ್ದದ್ದೂ ಹೋದೀತು ಅನ್ನೋ ಭಯ. ಮೈ ಮುಟ್ಟುವವನಿಗೆ, ದುಡ್ಡು ಕೇಳುವವನಿಗೆ, ಕೆಲಸ ಕೊಡಿಸ್ತೀನಿ ಬಾ ಅನ್ನುವವನಿಗೆ ಅವಳು ಗಟ್ಟಿಯಾಗಿ ಬೇಡ ಅನ್ನಬೇಕಾದರೆ, ನಮ್ಮೆದುರು ಬೇಡ ಅಂದು ಅಭ್ಯಾಸ ಆಗಿರಬೇಕು. ನಾನು ತೆಗೆದುಕೊಂಡು ಹೋದ ಬಟ್ಟೆಯನ್ನು ಒಬ್ಬಳು ‘ಈ ಬಣ್ಣ ನನಗೆ ಬೇಡ ಅಕ್ಕ’ ಅಂದ ದಿನ ನನಗೆ ನಿಜವಾಗಲೂ ಖುಷಿಯಾಯಿತು.

ಇದು ನಾನು ಕಂಡುಹಿಡಿದ ಸಂಗತಿ ಏನಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಮಕ್ಕಳಿಗೆ ಕಲಿಸಬೇಕಾದ ಹತ್ತು ಜೀವನ ಕೌಶಲಗಳನ್ನು ಹೇಳಿದೆ. ನಿರ್ಧಾರ ಮಾಡೋದು, ಒತ್ತಡ ತಡೆದುಕೊಳ್ಳೋದು ಎಲ್ಲ ಅದರಲ್ಲಿವೆ. ಮನೆಯ ಆಸರೆ ಇಲ್ಲದ ಮಕ್ಕಳ ಆರೈಕೆ ಬಗ್ಗೆ 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದ ಮಾರ್ಗಸೂಚಿಯಂತೂ, ಆಶ್ರಯಧಾಮ ಬಿಟ್ಟು ಹೊರಡುವ ಪ್ರತಿ ಮಗುವಿಗೂ, ಸಾಧ್ಯವಿದ್ದಲ್ಲೆಲ್ಲ, ಸ್ವಂತ ಕಾಲಮೇಲೆ ನಿಲ್ಲಲು ನೆರವಾಗುವ ಒಬ್ಬ ವ್ಯಕ್ತಿ ಇರಬೇಕು ಅನ್ನುತ್ತದೆ. ಗಮನಿಸಿ, ಒಬ್ಬ ವ್ಯಕ್ತಿ.

ಹಣವೇ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಹಣ ಬೇಕೇ ಬೇಕು, ಆದರೆ ಕೊಡುವ ರೀತಿ ಬೇರೆ ಇರಬಹುದು. ಬಾಂಗ್ಲಾದೇಶದಲ್ಲಿ 1994ರಲ್ಲಿ ಹಳ್ಳಿ ಹುಡುಗಿಯರಿಗೆ ಪ್ರೌಢಶಾಲೆಯ ವಿದ್ಯಾರ್ಥಿವೇತನ ದೇಶದಾದ್ಯಂತ ಶುರುವಾಯಿತು. ಶೇ 75 ಹಾಜರಿ, ಶೇ 45 ಅಂಕ ಇರಬೇಕು, 18ರ ತನಕ ಮದುವೆ ಆಗಬಾರದು ಅನ್ನೋ ಷರತ್ತು. ನನಗೆ ಇಷ್ಟವಾಗಿದ್ದು ಇನ್ನೊಂದು ವಿಷಯ. ಹಣ ಹೋಗುತ್ತಿದ್ದದ್ದು ಹುಡುಗಿಯ ಹೆಸರಿನಲ್ಲೇ ಇದ್ದ ಬ್ಯಾಂಕ್ ಖಾತೆಗೆ. ಹೈಸ್ಕೂಲು ಮುಗಿಯುವಷ್ಟರಲ್ಲಿ ಪಾಸ್‌ಬುಕ್ ಅಂದರೆ ಏನು ಅಂತ ಅವಳಿಗೆ ಗೊತ್ತಿರುತ್ತದೆ.

ಆರು ದೇಶಗಳಲ್ಲಿ, ಚಿಕ್ಕವರಿದ್ದಾಗ ದಾನಿಗಳ ನೆರವು ಸಿಕ್ಕಿದ್ದವರನ್ನು ದೊಡ್ಡವರಾದ ಮೇಲೆ ಹುಡುಕಿ ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವರು ಉಳಿದವರಿಗಿಂತ ಒಂದು ವರ್ಷಕ್ಕೂ ಸ್ವಲ್ಪ ಜಾಸ್ತಿ ಓದಿದ್ದರು, ಕೆಲಸ ಸಿಕ್ಕವರೂ ಹೆಚ್ಚು. ಆ ಯೋಜನೆಯಲ್ಲಿ ಶುಲ್ಕದ ಜೊತೆಗೆ ಶಾಲೆ ಬಿಟ್ಟ ಮೇಲೆ ವಾರಕ್ಕೆ ಹಲವು ಗಂಟೆ ಮಕ್ಕಳ ಜೊತೆ ಕಳೆಯುವವರೂ ಇದ್ದರು, ಅದೂ ವರ್ಷಗಟ್ಟಲೆ. ನಮ್ಮಲ್ಲಿ ಬಹಳ ಜನ ಒಂದು ವರ್ಷ ಕೊಟ್ಟು ಮುಂದಿನ ವರ್ಷ ಇನ್ನೊಂದು ಮಗುವಿಗೆ ಕೊಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತು ಜನಕ್ಕೆ ಒಂದೊಂದು ವರ್ಷ ಕೊಡುವ ಬದಲು ಒಬ್ಬಳನ್ನು ಮೊದಲ ಸಂಬಳ ಬರುವ ತನಕ ನೋಡಿಕೊಳ್ಳಿ.

ಕೊನೆಗೆ ನಿಮ್ಮಲ್ಲೇ ಒಂದು ವಿನಂತಿ. ನೆರವು ಕೇಳುವ ಸುದ್ದಿಯಲ್ಲಿ ಹುಡುಗಿಯ ಮುಖ, ಅವಳ ಮನೆಯ ಕಷ್ಟ, ಶಾಲೆಯ ಹೆಸರು ಎಲ್ಲ ಹಾಕಬೇಡಿ. ಮರುದಿನ ಅವಳು ಅದೇ ತರಗತಿಯಲ್ಲಿ ಕೂರಬೇಕು. ಮೋಸ ಮಾಡುವವರೂ ಪತ್ರಿಕೆ ಓದುತ್ತಾರೆ. ಹಾಗೇ, ಎಷ್ಟು ಹಣ ಬೇಕು ಅಂತ ಬರೆಯುವ ಜಾಗದಲ್ಲೇ ‘ತಿಂಗಳಿಗೆ ಎರಡು ಗಂಟೆ ಜೊತೆಯಲ್ಲಿ ಕೂರುವವರೂ ಬೇಕಾಗಿದ್ದಾರೆ, ಸಂಸ್ಥೆಯವರು ಪೂರ್ವಾಪರ ವಿಚಾರಿಸಿಯೇ ಒಪ್ಪಿಕೊಳ್ಳುತ್ತಾರೆ’ ಅಂತ ಒಂದು ಸಾಲು ಸೇರಿಸಿ. ಬರುವವರು ಇದ್ದಾರೆ, ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.

ಇತಿ,
ನಿಮ್ಮ ಓದುಗರಲ್ಲೊಬ್ಬಳು