ಹಳೆಯ ಹಾಸ್ಯಚಿತ್ರದ ಕಾಲು ಭಾಗ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಚಿಕ್ಕಂದಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದ ಹಳ್ಳಿಯ ಹಾಸ್ಯಚಿತ್ರವನ್ನು ಈಗ ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿ, ‘ಇದಕ್ಕಾ ಅಷ್ಟು ನಕ್ಕಿದ್ದು?’ ಎಂದು ಪೆಚ್ಚಾಗುವವರು ಅನೇಕರು. ವಯಸ್ಸಿನ ಮೇಲೆ ತಪ್ಪು ಹೊರಿಸುವ ಮೊದಲು ನೋಡಿದ ಪ್ರತಿ ಹೇಗಿತ್ತು ಎಂದು ಗಮನಿಸಬೇಕು. ಎಷ್ಟೋ ಸಲ ಕೆಟ್ಟಿರುವುದು ಪ್ರತಿಯೇ.

ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಹೆಚ್ಚಿನವು 1.37:1 ಚೌಕಟ್ಟಿನವು, ಅಂದರೆ ಅಗಲ ಎತ್ತರದ 1.37 ಪಟ್ಟು, ಹೆಚ್ಚುಕಡಿಮೆ 4:3. ಇಂದಿನ ಟಿವಿ ಪರದೆ ಇನ್ನೂ ಅಗಲ, 16:9. ಅಕ್ಕಪಕ್ಕದ ಕಪ್ಪು ಪಟ್ಟಿ ಕಾಣದಿರಲೆಂದು ಚಿತ್ರವನ್ನು ಹಿಗ್ಗಿಸಿ ತುಂಬಿಸಿದರೆ ಮೇಲೆ ಕೆಳಗೆ ಸೇರಿ ಸುಮಾರು ಕಾಲು ಭಾಗ ಹೋಗುತ್ತದೆ. ಹಳ್ಳಿಯ ಹಾಸ್ಯಕ್ಕೆ ಇದು ದೊಡ್ಡ ಪೆಟ್ಟು. ಗಾಡಿಯ ಮೇಲೆ ಕೂತವನು ಜಂಬ ಕೊಚ್ಚುತ್ತಿದ್ದಾನೆ. ಕೆಳಗೆ, ಚೌಕಟ್ಟಿನ ಅಂಚಿನಲ್ಲಿ, ಚಕ್ರದ ಕಡಾಣಿ ಕಳಚಿ ಮಣ್ಣಿಗೆ ಬೀಳುತ್ತದೆ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಗು ಹುಟ್ಟುವುದು ಆ ಕೆಲವು ಕ್ಷಣಗಳಲ್ಲಿ. ಅಂಚು ಕತ್ತರಿಸಿದರೆ ಉಳಿಯುವುದು ಕಾರಣವಿಲ್ಲದೆ ಬಿದ್ದ ಒಬ್ಬ ಮನುಷ್ಯ ಮಾತ್ರ.

ಮಾತೂ ಹೀಗೆಯೇ ಕಳೆದುಹೋಗುತ್ತದೆ. ಚಿತ್ರಮಂದಿರದಲ್ಲಿ ಓಡಿಸುವ 35 ಎಂಎಂ ಪ್ರಿಂಟಿನಲ್ಲಿ (ಫಿಲಂ ರೀಲಿನಲ್ಲಿ) ಒಂದು ದೃಶ್ಯದ ಧ್ವನಿ ಆ ದೃಶ್ಯದ ಪಕ್ಕದಲ್ಲಿರುವುದಿಲ್ಲ, ಸುಮಾರು 20 ಫ್ರೇಮು (ಫಿಲಂನ ಒಂದೊಂದು ಬಿಡಿಚಿತ್ರ) ಮುಂಚೆ ಅಚ್ಚಾಗಿರುತ್ತದೆ. ರೀಲು ಹರಿದು, ತುಂಡು ತೆಗೆದು ಅಂಟಿಸಿದರೆ ಚಿತ್ರ ಒಂದು ಕಡೆ ಜಿಗಿಯುತ್ತದೆ, ಮುಕ್ಕಾಲು ಸೆಕೆಂಡಿಗೂ ಸ್ವಲ್ಪ ಹೆಚ್ಚು ಬಿಟ್ಟು ಮಾತು ಹಾರುತ್ತದೆ. ಬಿದ್ದ ಬೆನ್ನಿಗೇ ಬರುವ ಚಟಾಕಿಯ ಕೊನೆಯ ಪದ ನುಂಗಿಹೋಗುವುದು ಹೀಗೆ. ರೀಲಿನ ಮೊದಲು ಮತ್ತು ಕೊನೆಯಲ್ಲಿ ಈ ಸವೆತ ಹೆಚ್ಚು.

ಪ್ರತಿ ಪೂರ್ತಿಯಾಗಿದೆಯೇ ಎಂದು ತಿಳಿಯಲು ಸುಲಭದ ಲೆಕ್ಕವೊಂದಿದೆ. ಚಿತ್ರದ ಆರಂಭದಲ್ಲಿ ತೋರಿಸುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ಮೀಟರ್‌ಗಳಲ್ಲಿ ಇದ್ದರೆ, 35 ಎಂಎಂ ಚಿತ್ರಕ್ಕೆ ಅದನ್ನು 27.4ರಿಂದ ಭಾಗಿಸಿ. 3,840 ಮೀಟರ್ ಎಂದರೆ 140 ನಿಮಿಷ. ವಿಡಿಯೊ 134 ನಿಮಿಷವಿದ್ದರೆ ಬಹುಶಃ ಕತ್ತರಿ ಬಿದ್ದಿಲ್ಲ; ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿದ್ದಾರೆ, ಧ್ವನಿಯೂ ತುಸು ಕೀಚಲಾಗಿರುತ್ತದೆ. 120 ಇದ್ದರೆ ದೃಶ್ಯಗಳೇ ಮಾಯವಾಗಿವೆ. ಆಗ ಬೇರೆ ಪ್ರತಿ ಹುಡುಕಿ.

ಮನೆಯಲ್ಲಿ ನೋಡುವವರು ಟಿವಿಯ ಪಿಕ್ಚರ್ ಸೈಜನ್ನು 4:3 ಅಥವಾ ಒರಿಜಿನಲ್‌ಗೆ ಇಡಿ. ಜೂಮ್, ವೈಡ್ ಬೇಡ. ಅಪ್‌ಲೋಡ್ ಮಾಡುವಾಗಲೇ ಕತ್ತರಿಸಿದ್ದರೆ ಮಾತ್ರ ಯಾವ ಬಟನ್ನೂ ಅದನ್ನು ಮರಳಿ ತರದು. ಚಲನೆಯನ್ನು ನಯವಾಗಿಸುವ ಟಿವಿಯ ‘ಮೋಷನ್ ಸ್ಮೂತಿಂಗ್’ ಸೌಲಭ್ಯವನ್ನೂ ಆಫ್ ಮಾಡಿ, ಅದು ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ.

ವಾಹಿನಿಗಳಿಗೆ ಮತ್ತು ಹಕ್ಕುದಾರರಿಗೆ ನಮ್ಮ ಕೋರಿಕೆ ಇಷ್ಟೇ: ಕಪ್ಪು ಪಟ್ಟಿ ಇರಲಿ, ಚೌಕಟ್ಟು ಪೂರ್ತಿ ಇರಲಿ. ಮೌನವಿದ್ದ ಕಡೆ ಹೊಸ ಹಿನ್ನೆಲೆ ಸಂಗೀತ ತುಂಬಬೇಡಿ. ಆ ಮೌನ ನಟರು ಅಳೆದು ಬಿಟ್ಟದ್ದು. ತೋರಿಸುತ್ತಿರುವ ಪ್ರತಿಯಲ್ಲಿ ಎಷ್ಟು ನಿಮಿಷ ಕಡಿಮೆಯಿದೆ ಎಂಬುದನ್ನು ಚಿತ್ರ ಆರಂಭವಾಗುವ ಮೊದಲೇ ಒಂದು ಸಾಲಿನಲ್ಲಿ ತಿಳಿಸಿ.

– ಚಿತ್ರಾಸಕ್ತ ಓದುಗರು