ಗುತ್ತಿಯ ದಾರಿ ಹಿಡಿದು ಕಾನೂರಿಗೆ

ಮಾನ್ಯ ಸಂಪಾದಕರೇ,

ಕುವೆಂಪು ಅವರ ಕಾದಂಬರಿಗಳ ಮಾತು ಬಂದಾಗಲೆಲ್ಲ ಒಂದು ತೀರ್ಪು ಸಿದ್ಧವಾಗಿರುತ್ತದೆ: ‘ಕಾನೂರು ಹೆಗ್ಗಡಿತಿ’ (1936) ಓದಿ ಊರಿಗೆ ಮರಳಿದ ಹೂವಯ್ಯನ ಕಥೆ, ‘ಮಲೆಗಳಲ್ಲಿ ಮದುಮಗಳು’ (1967) ಎಲ್ಲರ ಕಥೆ, ಹಾಗಾಗಿ ಎರಡನೆಯದೇ ದೊಡ್ಡದು. ಯಾವುದು ದೊಡ್ಡದು ಎಂಬುದರ ಬಗ್ಗೆ ನಮ್ಮ ತಕರಾರಿಲ್ಲ. ಕಾನೂರು ಹೂವಯ್ಯನೊಬ್ಬನದು ಎನ್ನುವುದು ಮಾತ್ರ ಅವಸರದ ಓದು. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ’ ಎಂದು ಮದುಮಗಳಿನ ಹೊಸ್ತಿಲಲ್ಲೇ ಬರೆದಿದೆಯಲ್ಲ, ಆ ಮಾತನ್ನು ಲಾಟೀನಿನ ಹಾಗೆ ಹಿಡಿದುಕೊಂಡು 31 ವರ್ಷ ಹಿಂದಿನ ಕಾನೂರಿನೊಳಗೆ ಹೋಗಿ ನೋಡಬೇಕು.

ಇದಕ್ಕೆ ಇಡೀ ಕಾದಂಬರಿಯನ್ನು ಮತ್ತೆ ಓದಬೇಕಾಗಿಲ್ಲ. ಹೂವಯ್ಯ ಕಾಣಿಸಿಕೊಳ್ಳದ ಅಧ್ಯಾಯಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ, ಅವನ್ನಷ್ಟೇ ಸಾಲಾಗಿ ಓದಿ. ಪ್ರತಿ ಅಧ್ಯಾಯ ಮುಗಿದಾಗ ಅಂಚಿನಲ್ಲಿ ಮೂರು ವಿಷಯ ಬರೆದಿಟ್ಟುಕೊಂಡರೆ ಸಾಕು: ಇಲ್ಲಿ ನಡೆದವರು ಯಾರು, ಯಾರ ಕೆಲಸಕ್ಕಾಗಿ ನಡೆದರು, ನಮಗೆ ನಗು ಬಂದಿದ್ದರೆ ಅದು ಯಾರ ಮೇಲೆ. ನಡಿಗೆಯನ್ನೇ ಏಕೆ ನೋಡಬೇಕೆಂದರೆ ಮದುಮಗಳಿನ ಲೋಕ ತೆರೆದುಕೊಳ್ಳುವುದು ನಾಯಿಗುತ್ತಿಯ ಕಾಲ್ನಡಿಗೆಯಲ್ಲಿ. ಸಿಂಬಾವಿ ಹೆಗ್ಗಡೆಯವರ ಜೀತದಾಳು ಅವನು. ಒಡೆಯರ ಕೆಲಸದ ಜೊತೆಗೆ ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಬರುವ ತನ್ನ ಕೆಲಸವನ್ನೂ ಹೊತ್ತು ಹೊರಟಿದ್ದಾನೆ. ಅವನ ಹಿಂದೆ ಅವನ ನಾಯಿ ಹುಲಿಯ, ಹುಲಿಯನ ಹಿಂದೆ ನಾವು. ಹಾಗೆಯೇ ಒಂದೊಂದು ಮನೆಯ ಅಂಗಳ ತಲುಪುತ್ತೇವೆ.

ಈಗ ಕಾನೂರಿನ ಆಳು ಬೇಲರ ಬೈರನನ್ನು ನೋಡಿ. ಶುರುವಿನ ಅಧ್ಯಾಯಗಳಲ್ಲೇ ಅವನು ಕಳ್ಳು ಇಳಿಸುವ ಹಳೆಪೈಕದ ತಿಮ್ಮ ಕಟ್ಟಿದ ಬಗನಿಯಿಂದ ಕಳ್ಳು ಕದಿಯುತ್ತಾನೆ. ಬಗನಿ ಎಂದರೆ ಬೈನೆ ಮರ. ಹೊಂಬಾಳೆಯ ತುದಿ ಕೊಯ್ದು ಮಡಕೆ ಕಟ್ಟಿದರೆ ಕಳ್ಳು ಹನಿಹನಿಯಾಗಿ ಇಳಿಯುತ್ತದೆ. ಮೊದಲ ಓದಿಗೆ ಇದು ಬರೀ ತಮಾಷೆ. ಗುತ್ತಿಯನ್ನು ಕಂಡು ಬಂದವರಿಗೆ ಆ ಮರದ ಬುಡದಲ್ಲಿ ಊರಿನ ಲೆಕ್ಕವೇ ಕಾಣುತ್ತದೆ. ಕಾಡು ಗೌಡರ ಕಣ್ಣಳತೆಯದು, ಮರ ಕಟ್ಟುವ ಹಕ್ಕು ತಿಮ್ಮನದು, ಬೈರನಿಗೆ ಇರುವುದು ಬಾಯಾರಿಕೆ ಮಾತ್ರ. ದೂರು ಹೋಗುವುದಾದರೂ ಕಾನೂರು ಮನೆಯ ಯಜಮಾನ ಚಂದ್ರಯ್ಯಗೌಡರ ಜಗಲಿಗೇ. ಬಾಡುಗಳ್ಳ ಸೋಮನ ವಿಷಯವೂ ಹೀಗೆಯೇ. ಅಡ್ಡಹೆಸರು ಹೇಳಿದ ಕೂಡಲೇ ನಗುತ್ತೇವೆ. ಬಾಡಿನ ಆಸೆ ಜಗಲಿಯ ಮೇಲೆ ಕೂತವರಿಗೂ ಕಡಿಮೆಯೇನಿಲ್ಲ, ಆದರೆ ಹೆಸರು ಅಂಟಿದ್ದು ಸೋಮನಿಗೆ. ಪಟ್ಟಿಯ ಮೂರನೆಯ ಪ್ರಶ್ನೆ ಕಚ್ಚುವುದು ಇಂಥ ಕಡೆ. ಕಾನೂರಿನ ನಿರೂಪಕ ಬೈರನನ್ನು ಪ್ರೀತಿಯಿಂದಲೇ ನೋಡುತ್ತಾನೆ, ಆದರೂ ಸ್ವಲ್ಪ ಜಗಲಿಯ ಎತ್ತರದಿಂದ ನೋಡುತ್ತಾನೆ. ಮದುಮಗಳಿನಲ್ಲಿ ಐತ–ಪೀಂಚಲು ಜೋಡಿಯ ಸಂಸಾರವನ್ನು ಬರೆಯುವ ಹೊತ್ತಿಗೆ ಆ ಜಗಲಿ ಇಲ್ಲ.

ಹೆಸರನ್ನೇ ತೆಗೆದುಕೊಳ್ಳಿ. ಪುಸ್ತಕದ ಮೇಲಿರುವುದು ಹೆಗ್ಗಡಿತಿ, ಅಂದರೆ ಮನೆಯ ಯಜಮಾನಿ ಸುಬ್ಬಮ್ಮ. ಪಾಠ ಮಾಡುವಾಗ, ಭಾಷಣದಲ್ಲಿ ಬರುವುದು ಹೂವಯ್ಯ. ಮದುಮಗಳು ಎಂಬ ಹೆಸರಾದರೋ ಒಬ್ಬಳಿಗೆ ನಿಲ್ಲುವುದೇ ಇಲ್ಲ: ಚಿನ್ನಮ್ಮನೂ ಹೌದು, ತಿಮ್ಮಿಯೂ ಹೌದು, ಕಾವೇರಿಯೂ ಹೌದು. ಇದೇ ಲೆಕ್ಕವನ್ನು ಹಿಂದಕ್ಕೆ, ಕಾನೂರಿಗೆ ಒಯ್ದರೆ ಸುಬ್ಬಮ್ಮ, ಸೀತೆ, ಗಂಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನೆಲ್ಲುಹಳ್ಳಿಯಿಂದ ಮುದಿ ಚಂದ್ರಯ್ಯಗೌಡನ ಮೂರನೆಯ ಹೆಂಡತಿಯಾಗಿ ಬಂದು ಏಟು ತಿಂದ ಸುಬ್ಬಮ್ಮನೇ, ಗಂಡ ಸತ್ತ ಮೇಲೆ ಮನೆಯ ಯಜಮಾನಿಕೆ ಕೈಗೆ ಬಂದಾಗ ಗಡುಸಾಗುತ್ತಾಳೆ. ಅವಳ ಕೊನೆಯನ್ನು ‘ಜಾರಿದವಳಿಗೆ ತಕ್ಕ ಶಾಸ್ತಿ’ ಎಂದು ಓದುವವರು ಈಗಲೂ ಇದ್ದಾರೆ. ಯಾರೂ ಅಮುಖ್ಯರಲ್ಲ ಎಂಬ ಮಾತನ್ನು ನಂಬಿದವರಿಗೆ ಆ ಓದು ಸಾಧ್ಯವೇ ಇಲ್ಲ.

ಈ ವಿಧಾನ ಕೆಡುವ ಜಾಗಗಳೂ ಇವೆ. ಹೊಸ್ತಿಲ ಮಾತನ್ನು ಅಳತೆಗೋಲು ಮಾಡಿಕೊಂಡು ಕಾನೂರಿಗೆ ಅಂಕ ಕಳೆಯುತ್ತ ಹೋದರೆ ಓದು ಅಲ್ಲಿಗೆ ಮುಗಿಯಿತು. ಹೂವಯ್ಯನನ್ನು ಸೊನ್ನೆ ಮಾಡುವುದೂ ತಪ್ಪೇ. ಓದಿದ ಹುಡುಗನೊಬ್ಬ ಹಳೆಯ ಮನೆಗೆ ಮರಳಿದರೆ ಏನಾಗುತ್ತದೆ ಎಂಬುದು 1936ರ ಮಲೆನಾಡಿನ ನಿಜವಾದ ಪ್ರಶ್ನೆ. ಮನೆ ಹಿಸ್ಸೆಯಾಗಿ ತಾಯಿ ನಾಗಮ್ಮನನ್ನು ಕರೆದುಕೊಂಡು ಕೆಳಕಾನೂರಿಗೆ ಹೋಗುವ ಭಾಗ ಅವನಿಲ್ಲದೆ ನಿಲ್ಲುವುದಿಲ್ಲ. ಅವನ ಧ್ಯಾನ, ಉಪದೇಶಗಳಲ್ಲಿ ಕೆಲವು ಪುಟ ಜಾಸ್ತಿಯಾದವು ಎನಿಸಿದರೆ ಎನಿಸಲಿ, ನಮಗೂ ಹಾಗೆ ಅನಿಸುತ್ತದೆ.

ಹೆಚ್ಚಿನವರು ಎಡವುವುದು ಕಾಲದಲ್ಲಿ. ಮದುಮಗಳು ಆಮೇಲೆ ಬರೆದದ್ದು, ಆದರೆ ಅದರ ಕಥೆ ಮೊದಲಿನದು. ವಿವೇಕಾನಂದರು 1893ರಲ್ಲಿ ಷಿಕಾಗೊದಲ್ಲಿ ಮಾತನಾಡಿದ ಪ್ರಸ್ತಾಪ ಅದರಲ್ಲೇ ಬರುತ್ತದೆ. ಪಾದ್ರಿಯ ಬೈಸಿಕಲ್ಲು ಊರಿಗೆಲ್ಲ ಬೆರಗು. ಕಾನೂರು ತೆರೆಯುವಾಗ ಹೂವಯ್ಯ, ರಾಮಯ್ಯ ಮೈಸೂರಿನಲ್ಲಿ ಓದಿ ಬಂದು ತೀರ್ಥಹಳ್ಳಿಯ ಕಲ್ಲುಸಾರದ ಹತ್ತಿರ ಗಾಡಿ ಹತ್ತುತ್ತಾರೆ. ಅಂದರೆ ಗುತ್ತಿ ಬೈರನಿಗಿಂತ ಹಿಂದಿನ ತಲೆಮಾರಿನವನು. ಬರೆದ ವರ್ಷವನ್ನೇ ಕಥೆಯ ಕಾಲವೆಂದುಕೊಂಡು ‘ಆಳುಗಳ ಬಾಳು ಸುಧಾರಿಸಿತು’ ಎಂದು ಬರೆದರೆ ಲೆಕ್ಕ ತಲೆಕೆಳಗು.

ಓದುಗರ ಬಳಗಗಳಿಗೆ ಇದೆಲ್ಲ ಭಾರವೆನಿಸಿದರೆ ನಾಯಿಗಳಿಂದಲೇ ಆರಂಭಿಸಬಹುದು. ಕಾನೂರು ಮನೆಯಲ್ಲಿ ಟೈಗರ್, ರೂಬಿ, ಡೈಮಂಡ್ ಇವೆ (ಹೆಸರುಗಳನ್ನು ಗಮನಿಸಿ). ಇತ್ತ ಮದುಮಗಳಿನಲ್ಲಿ ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಗಳಿವೆ. ಎರಡನ್ನೂ ಒಂದೇ ಸಂಜೆ ಗಟ್ಟಿಯಾಗಿ ಓದಿ, ಯಾವ ನಾಯಿಗೆ ಎಷ್ಟು ಸಾಲು ಸಿಕ್ಕಿತು ಎಂದು ಎಣಿಸಿ ನೋಡಲಿ.

– ಕೆಲವು ಕನ್ನಡ ಅಧ್ಯಾಪಕರು, ಶಿವಮೊಗ್ಗ