ಕೇರಳದ ಫೈನಲ್ ನಮ್ಮದೂ ಹೌದು, ಮೂಲೆಯಲ್ಲಿ ನಾಲ್ಕು ಸಾಲು ಸಾಲದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬರುವ ಬುಧವಾರ, 26ನೇ ತಾರೀಕು, ಶಿವರಾತ್ರಿ. ಅದೇ ದಿನ ಬೆಳಿಗ್ಗೆ ನಾಗಪುರದಲ್ಲಿ ರಣಜಿ ಟ್ರೋಫಿ ಫೈನಲ್ ಶುರು, ಕೇರಳಕ್ಕೂ ವಿದರ್ಭಕ್ಕೂ. ನಾನು ನಿಮ್ಮ ಪತ್ರಿಕೆಯನ್ನು ಮೂವತ್ತು ವರ್ಷದಿಂದ ತರಿಸ್ತಾ ಇದ್ದೇನೆ, ಕಾಸರಗೋಡಿಗೆ ಅಂತ ಒಂದು ಪುಟವೇ ಕೊಡ್ತೀರಿ, ಕೋಲ, ಬ್ರಹ್ಮಕಲಶ, ತಾಳಮದ್ದಳೆ ಎಲ್ಲ ಬರ್ತದೆ, ಅದಕ್ಕೆ ನಮಗೆ ಋಣ ಉಂಟು. ಆದ್ರೆ ಶನಿವಾರ ಪೇಪರ್ ಬಿಡಿಸಿ ನೋಡಿದ್ರೆ ಕೇರಳ ಮೊದಲ ಸಲ ಫೈನಲ್‌ಗೆ ಹೋದ ಸುದ್ದಿ ಕ್ರೀಡಾ ಪುಟದ ಕೆಳಗಿನ ಮೂಲೆಯಲ್ಲಿ ನಾಲ್ಕೇ ಸಾಲು, ಸೆಮಿಫೈನಲ್‌ನಲ್ಲಿ 177 ಹೊಡೆದು ಔಟಾಗದೆ ಉಳಿದ ಹುಡುಗ, ಕೀಪರ್ ಮೊಹಮ್ಮದ್ ಅಜರುದ್ದೀನ್, ಕಾಸರಗೋಡಿನವ ಅಂತ ಒಂದು ಮಾತೂ ಇಲ್ಲ. ನನಗೆ ತುಂಬಾ ಬೇಜಾರಾಯ್ತು, ಹಾಗಾಗಿ ಈ ಕಾಗದ.

ಶುಕ್ರವಾರ ಬೆಳಿಗ್ಗೆ ನಮ್ಮ ಮನೆ ಜಗಲಿಯಲ್ಲಿ ಹೇಗಿತ್ತು ಅಂತ ಹೇಳ್ತೇನೆ. ಅಡಿಕೆ ಸುಲಿಯುವ ಕೆಲಸ ನಡೀತಾ ಇತ್ತು, ನಾವು ನಾಲ್ಕು ಜನ, ಒಣಗಿದ ಅಡಿಕೆಯ ರಾಶಿ ಮಧ್ಯದಲ್ಲಿ, ಫೋನನ್ನು ಒಂದು ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆವು. ಕೇರಳ ಮೊದಲು ಬ್ಯಾಟ್ ಮಾಡಿ 457 ಮಾಡಿತ್ತು, ಗುಜರಾತ್ ನಾಲ್ಕನೇ ದಿನ ಮುಗಿಯುವಾಗ 7 ವಿಕೆಟಿಗೆ 429, ಇನ್ನು 29 ರನ್ ಮಾಡಿದ್ರೆ ಲೀಡ್ ಅವರದ್ದು, ಮ್ಯಾಚ್ ಡ್ರಾ ಆದ್ರೆ ಮೊದಲ ಇನ್ನಿಂಗ್ಸಿನ ಲೀಡ್ ಇದ್ದವರೇ ಮುಂದೆ ಹೋಗುವುದಲ್ವಾ, ಹಾಗಾಗಿ ಲೀಡ್ ಸಿಕ್ಕಿದ್ರೆ ಫೈನಲ್ ಅವರದ್ದು. ಮೊದಲು ಜಯಮೀತ್ ಪಟೇಲ್ 79 ಮಾಡಿ ಆಡ್ತಾ ಇದ್ದವ ನಮ್ಮ ಸ್ಪಿನ್ನರ್ ಸರ್ವಟೆ ಬಾಲಿಗೆ ಕ್ರೀಸ್ ಬಿಟ್ಟ, ನಮ್ಮ ಅಜರ್ ಬೇಲ್ಸ್ ಹಾರಿಸಿದ. ಆಮೇಲೆ ಸಿದ್ಧಾರ್ಥ್ ದೇಸಾಯಿ ಎಲ್‌ಬಿಡಬ್ಲ್ಯು. ಇನ್ನು ಒಂದೇ ವಿಕೆಟ್ ಅಂತ ನಾವು ಅಂದುಕೊಂಡ್ರೆ ಆ ಕೊನೆಯ ಇಬ್ಬರು ಒಂದೊಂದು ರನ್ ತೆಗೀತಾ ತೆಗೀತಾ 455ಕ್ಕೆ ಬಂದು ಮುಟ್ಟಿದ್ರು. ಸುಲಿಯುವವರ ಕೈ ಎಲ್ಲ ನಿಂತಿತ್ತು. ನಾಗ್ವಾಸ್‌ವಾಲಾ ಜೋರಾಗಿ ಬೀಸಿದ, ಬಾಲು ಹತ್ತಿರದಲ್ಲೇ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಸಲ್ಮಾನ್ ನಿಸಾರ್ ಹೆಲ್ಮೆಟಿಗೆ ಬಡಿದು ಮೇಲೆ ಹಾರಿತು, ಸ್ಲಿಪ್‌ನಲ್ಲಿ ಕ್ಯಾಪ್ಟನ್ ಸಚಿನ್ ಬೇಬಿ ಕೈಗೆ ಬಂದು ಬಿತ್ತು. ಎರಡು ರನ್ ಲೀಡ್! ನಾವು ನಾಲ್ಕು ಜನ ಒಟ್ಟಿಗೆ ಕೂಗಿದ್ದಕ್ಕೆ ಒಳಗಿಂದ ನನ್ನ ಅಮ್ಮ ಓಡಿ ಬಂದು "ಎಂತ ಮಕ್ಕಳೇ, ಹಾವು ಬಂತಾ" ಅಂತ ಕೇಳಿದ್ರು.

ಅದೇ ಶುಕ್ರವಾರ ಕಾಸರಗೋಡಿಗೆ ಸುನಿಲ್ ಗಾವಸ್ಕರ್ ಬಂದಿದ್ರು, ವಿದ್ಯಾನಗರದಲ್ಲಿ ಸ್ಟೇಡಿಯಮಿನ ರಸ್ತೆಗೆ ಅವರ ಹೆಸರು ಇಟ್ಟಿದ್ದಾರೆ. ಒಂದೇ ದಿನ ಎರಡು ಸಂತೋಷ ನಮ್ಮ ಊರಿಗೆ.

ಮೊಹಮ್ಮದ್ ಅಜರುದ್ದೀನ್ ಇಲ್ಲೇ ಕಾಸರಗೋಡಿನ ತಳಂಗರೆಯವ. ಎಂಟು ಜನ ಅಣ್ಣತಮ್ಮಂದಿರಲ್ಲಿ ಕೊನೆಯವ, ಹುಟ್ಟಿದಾಗ ಅಣ್ಣನೇ ಹಟ ಮಾಡಿ ಆಗಿನ ಇಂಡಿಯಾ ಕ್ಯಾಪ್ಟನ್ ಹೆಸರು ಇಡಿಸಿದ್ದು. 2021ರಲ್ಲಿ 20 ಓವರಿನ ಮುಶ್ತಾಕ್ ಅಲಿ ಟ್ರೋಫಿಯಲ್ಲಿ ವಾಂಖೆಡೆಯಲ್ಲಿ ಮುಂಬೈ ಮೇಲೆ 54 ಬಾಲಿಗೆ 137 ಹೊಡೆದವ, ಆ ವರ್ಷ ಬೆಂಗಳೂರಿನ ಐಪಿಎಲ್ ಟೀಮು ಅವನನ್ನು ತಗೊಂಡಿತ್ತು, ಒಂದು ಮ್ಯಾಚೂ ಆಡ್ಲಿಕ್ಕೆ ಸಿಗಲಿಲ್ಲ. ಈಗ ಅದೇ ಹುಡುಗ ಅಹಮದಾಬಾದಿನಲ್ಲಿ 341 ಬಾಲ್ ಆಡಿದ. 54 ಬಾಲಿನ ಹುಡುಗ 341 ಬಾಲ್ ತಾಳ್ಮೆ ಕಲಿತದ್ದು ಸಣ್ಣ ಸಂಗತಿ ಅಲ್ಲ ಸರ್, ನಾನು ಈ ಫೈನಲ್ ಬಗ್ಗೆ ಆಸೆ ಇಟ್ಟುಕೊಂಡದ್ದೇ ಆ ತಾಳ್ಮೆ ನೋಡಿ.

ನಮ್ಮವರಲ್ಲೇ ಕೆಲವರು ಕೇಳ್ತಾರೆ, ನಾವು ಕನ್ನಡದವರು, ಕೇರಳ ಗೆದ್ರೆ ನಮಗೆ ಎಂತ ಅಂತ. ಅವರ ನೋವು ನನಗೆ ಗೊತ್ತುಂಟು. ಆಫೀಸಿನಿಂದ ಬರುವ ಕಾಗದ ಮಲಯಾಳದಲ್ಲಿ ಬರ್ತದೆ, ಅದನ್ನು ಓದಿಸ್ಲಿಕ್ಕೆ ನನ್ನ ಅಪ್ಪ ಪಕ್ಕದ ಮನೆಗೆ ಹೋಗ್ತಾ ಇದ್ದದ್ದನ್ನು ನಾನು ಸಣ್ಣವನಿರುವಾಗ ನೋಡಿದ್ದೇನೆ. ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತ 1956ರಿಂದ ಹೋರಾಟ ಮಾಡಿದವರ ಸಾಲಿನಲ್ಲಿ ನಮ್ಮ ಮನೆಯವರೂ ಇದ್ರು. ಆದ್ರೆ ಒಂದು ಯೋಚನೆ ಮಾಡಿ, ಗಡಿ ವಿವಾದದ ಮಹಾಜನ್ ಆಯೋಗದ ವರದಿ ಚಂದ್ರಗಿರಿ ಹೊಳೆಯಿಂದ ಬಡಗು ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿತ್ತಲ್ವಾ, ತಳಂಗರೆ ಇರುವುದೂ ಚಂದ್ರಗಿರಿಯ ಬಡಗು ದಡದಲ್ಲೇ. ಆ ವರದಿ ಜಾರಿ ಆಗಿದ್ರೆ ಈ ಹುಡುಗ ಇವತ್ತು ಕರ್ನಾಟಕದ ಹುಡುಗ. ವರದಿ ಜಾರಿ ಆಗಲಿಲ್ಲ ಅಂತ ಹೇಳಿ ಅವನು ನಮಗೆ ಹೊರಗಿನವ ಆಗ್ತಾನಾ? ಕನ್ನಡದಲ್ಲಿ ಕಾಗದ ಕೊಡಿ ಅಂತ ಕೇಳುವುದನ್ನೂ ನಾನು ಬಿಡುವುದಿಲ್ಲ, ಅಜರ್ ಬ್ಯಾಟ್ ಹಿಡ್ಕೊಂಡು ಬರುವಾಗ ಚಪ್ಪಾಳೆ ಹೊಡೆಯುವುದನ್ನೂ ಬಿಡುವುದಿಲ್ಲ.

ಕರ್ನಾಟಕ ಈ ಸಲ ನಾಕೌಟಿಗೆ ಬರಲಿಲ್ಲ, ಅದು ನನಗೂ ಬೇಸರವೇ. ಅಕ್ಟೋಬರದಲ್ಲಿ ಆಲೂರಿನಲ್ಲಿ ಕೇರಳಕ್ಕೂ ಕರ್ನಾಟಕಕ್ಕೂ ಮ್ಯಾಚ್ ಇತ್ತು, ಮಳೆ ಬಂದು ಹಾಳಾಯ್ತು, ಆ ಮ್ಯಾಚಿನ ದಿನ ನಮ್ಮ ಮನೆಯಲ್ಲಿ ಯಾರ ಕಡೆ ಅಂತ ಯಾರೂ ಬಾಯಿ ಬಿಡಲಿಲ್ಲ.

ಈಗ ಗೆಲ್ತದಾ ಇಲ್ವಾ ಅನ್ನುವ ಲೆಕ್ಕಕ್ಕೆ ಬರ್ತೇನೆ. ಬದಿಯಡ್ಕ ಪೇಟೆಯಲ್ಲಿ ಚಹಾ ಕುಡೀಲಿಕ್ಕೆ ಕೂತ್ರೆ ಈಗ ಅಡಿಕೆ ರೇಟು ಬಿಟ್ರೆ ಇದೇ ಮಾತು. ಅರ್ಧ ಜನ ಹೇಳ್ತಾರೆ, ಕೇರಳ ಇಲ್ಲಿವರೆಗೆ ಬಂದದ್ದು ಅದೃಷ್ಟದಲ್ಲಿ, ಕ್ವಾರ್ಟರ್‌ಫೈನಲ್‌ನಲ್ಲಿ ಒಂದು ರನ್ ಲೀಡ್, ಸೆಮಿಯಲ್ಲಿ ಎರಡು ರನ್ ಲೀಡ್, ಎರಡೂ ಮ್ಯಾಚ್ ಡ್ರಾ, ಫೈನಲ್‌ನಲ್ಲಿ ಹೀಗೆಲ್ಲ ಆಗ್ಲಿಕ್ಕಿಲ್ಲ ಅಂತ. ನಾನು ಒಪ್ಪುವುದಿಲ್ಲ. ಪುಣೆಯಲ್ಲಿ ಜಮ್ಮು ಕಾಶ್ಮೀರದ 280ರ ಎದುರು ಕೇರಳ 9 ವಿಕೆಟಿಗೆ 200 ಆಗಿತ್ತು, ಆಮೇಲೆ ಸಲ್ಮಾನ್ ನಿಸಾರ್ ಕೊನೆಯ ಬ್ಯಾಟ್ಸ್‌ಮನ್ ಬೇಸಿಲ್ ತಂಪಿಯನ್ನು ಒಟ್ಟಿಗೆ ಇಟ್ಟುಕೊಂಡು 81 ರನ್ ಸೇರಿಸಿದ, ತಾನು 112 ಮಾಡಿ ಉಳಿದ. ಒಂದು ಬಾಲ್ ಹೆಲ್ಮೆಟಿಗೆ ಬಡಿದು ಕ್ಯಾಚ್ ಆದದ್ದು ಅದೃಷ್ಟ ಅನ್ನಿ ಬೇಕಾದ್ರೆ, 81 ರನ್ ಅದೃಷ್ಟದಲ್ಲಿ ಬರುವುದಿಲ್ಲ. ಎರಡನೇ ಇನ್ನಿಂಗ್ಸಿನಲ್ಲೂ ಆರು ವಿಕೆಟ್ ಹೋದ ಮೇಲೆ ಸಲ್ಮಾನ್ 162 ಬಾಲ್, ಅಜರ್ 118 ಬಾಲ್ ಆಡಿ ಸಂಜೆವರೆಗೆ ನಿಂತು ಮ್ಯಾಚ್ ಉಳಿಸಿದ್ರು. ಈ ಸೀಸನ್ ಕೇರಳ ಒಂದೂ ಮ್ಯಾಚ್ ಸೋತಿಲ್ಲ. ಪಂಜಾಬನ್ನು, ಯುಪಿಯನ್ನು, ಬಿಹಾರವನ್ನು ಸರಿಯಾಗಿ ಸೋಲಿಸಿಯೇ ಬಂದದ್ದು.

ಆದ್ರೆ ಎದುರು ಇರುವುದು ವಿದರ್ಭ. ಈ ಹೆಸರು ಕೇಳಿದ್ರೆ ನನಗೆ ಈಗಲೂ ಹೊಟ್ಟೆಯಲ್ಲಿ ಎಂತದೋ ಆಗ್ತದೆ. 2017-18ರಲ್ಲಿ ಸೂರತ್‌ನಲ್ಲಿ ಕ್ವಾರ್ಟರ್‌ಫೈನಲ್, ವಿದರ್ಭ 412 ರನ್ನಿಂದ ಗೆದ್ದಿತು. ಮರುವರ್ಷ ವಯನಾಡಿನ ಕೃಷ್ಣಗಿರಿಯಲ್ಲಿ ಸೆಮಿಫೈನಲ್, ನಮ್ಮದೇ ಗ್ರೌಂಡು, ಉಮೇಶ್ ಯಾದವ್ ಒಬ್ಬನೇ 12 ವಿಕೆಟ್ ತೆಗೆದ, ಕೇರಳ 106 ಮತ್ತು 91, ಎರಡೇ ದಿನದಲ್ಲಿ ಮುಗೀತು. ಆ ಎರಡೂ ವರ್ಷ ಟ್ರೋಫಿ ವಿದರ್ಭಕ್ಕೇ ಹೋಯ್ತು. ಈಗ ಮೂರನೇ ಸಲ ಅದೇ ಗೋಡೆ, ಅದೂ ಅವರ ಊರಿನಲ್ಲಿ. ಸೆಮಿಯಲ್ಲಿ ಮುಂಬೈಯನ್ನು 80 ರನ್ನಿಂದ ಸೋಲಿಸಿದ್ದು ಫೈನಲ್ ನಡೆಯುವ ಅದೇ ನಾಗಪುರದ ಜಾಮ್ಠಾ ಗ್ರೌಂಡಿನಲ್ಲಿ. ಹರ್ಷ್ ದುಬೆ ಅಂತ ಎಡಗೈ ಸ್ಪಿನ್ನರ್, ಈ ಸೀಸನ್ ಈಗಾಗಲೇ 66 ವಿಕೆಟ್, ಇನ್ನು ಮೂರು ತೆಗೆದ್ರೆ ರಣಜಿಯಲ್ಲಿ ಒಂದು ಸೀಸನಿನ ದಾಖಲೆ ಅವನದ್ದು. ಯಶ್ ರಾಥೋಡ್ 900ಕ್ಕಿಂತ ಹೆಚ್ಚು ರನ್ ಮಾಡಿ ಕೂತಿದ್ದಾನೆ.

ಮತ್ತೆ ಕರುಣ್ ನಾಯರ್. ಅವನ ಬಗ್ಗೆ ಎಂತ ಹೇಳುವುದು. ಅಪ್ಪ ಅಮ್ಮ ಕೇರಳದವರು, ಅವನು ಬೆಳೆದದ್ದು ಬೆಂಗಳೂರಿನಲ್ಲಿ, ಕರ್ನಾಟಕ ಕೊನೆಯ ಸಲ ರಣಜಿ ಗೆದ್ದ 2014-15ರ ಫೈನಲ್‌ನಲ್ಲಿ ತಮಿಳ್ನಾಡಿನ ಮೇಲೆ 328 ಹೊಡೆದವ, ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303 ಮಾಡಿದವ. ಆಮೇಲೆ ಕರ್ನಾಟಕ ಟೀಮಿನಲ್ಲೂ ಜಾಗ ಇಲ್ಲದೆ "ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು" ಅಂತ ಬರೆದು ಹಾಕಿದ್ದ, ಅದನ್ನು ಓದಿ ನನ್ನ ಮಗ ಎರಡು ದಿನ ಸರಿ ಊಟ ಮಾಡಿರಲಿಲ್ಲ. ಈಗ ವಿದರ್ಭಕ್ಕೆ ಆಡಿ, ಮೊನ್ನೆ 50 ಓವರಿನ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಸೆಂಚುರಿ, 779 ರನ್. ಅವನು ಕನ್ನಡದ ಊರಿನಲ್ಲಿ ಬೆಳೆದ ಮಲಯಾಳಿ ಮನೆಯ ಹುಡುಗ, ನಾವು ಕೇರಳದಲ್ಲಿ ಉಳಿದ ಕನ್ನಡದವರು, ಅವನ ಮೇಲೆ ನಮಗೆ ಒಂದು ತೂಕ ಪ್ರೀತಿ ಹೆಚ್ಚೇ. ಬೇರೆ ಯಾರ ಮೇಲೆ ಆಡಿದ್ರೂ ಅವನಿಗೆ ಇನ್ನೂರು ಬರಲಿ ಅಂತ ಹಾರೈಸ್ತೇನೆ, ಈ ಐದು ದಿನ ಮಾತ್ರ ಬೇಗ ಔಟಾಗ್ಲಿ. ಅವನು ನಿಂತ್ರೆ ಕೇರಳದ ಕೆಲಸ ಕಷ್ಟ, ಇದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಕಡೆ ಅವರ ಮನೆಯೊಳಗಿನ ಗುಟ್ಟು ಗೊತ್ತಿರುವವ ಒಬ್ಬ ಇದ್ದಾನೆ, ಆದಿತ್ಯ ಸರ್ವಟೆ. 2018-19ರ ಫೈನಲ್‌ನಲ್ಲಿ ವಿದರ್ಭಕ್ಕೆ 11 ವಿಕೆಟ್ ತೆಗೆದು ಪಂದ್ಯಶ್ರೇಷ್ಠ ಆದವ ಅವನೇ, ಪೂಜಾರನನ್ನು ಎರಡೂ ಇನ್ನಿಂಗ್ಸಿನಲ್ಲಿ ಔಟ್ ಮಾಡಿದ್ದ, ಈ ಸೀಸನ್ ಕೇರಳಕ್ಕೆ ಬಂದಿದ್ದಾನೆ. ಜಾಮ್ಠಾದ ಮಣ್ಣು ಎಲ್ಲಿ ಒಡೀತದೆ, ಯಾವ ಕಡೆಯಿಂದ ಬಾಲ್ ತಿರುಗ್ತದೆ, ಅವನಿಗೆ ಹೇಳಿಕೊಡ್ಬೇಕಾ? ಒಟ್ಟಿಗೆ ಜಲಜ್ ಸಕ್ಸೇನಾ, ರಣಜಿಯಲ್ಲಿ ಆರು ಸಾವಿರ ರನ್ನೂ ನಾನೂರು ವಿಕೆಟೂ ಎರಡೂ ಇರುವ ಮೊದಲನೆಯವ, ಇಂಡಿಯಾ ಕ್ಯಾಪ್ ಸಿಗಲೇ ಇಲ್ಲ ಪಾಪ. ಹೊಸ ಬಾಲಿಗೆ ನಿಧೀಶ್ ಇದ್ದಾನೆ, ಕ್ವಾರ್ಟರ್‌ಫೈನಲ್‌ನಲ್ಲಿ ಹತ್ತು ವಿಕೆಟ್ ತೆಗೆದವ. ಸಂಜು ಸ್ಯಾಮ್ಸನ್ ಬೆರಳಿಗೆ ಪೆಟ್ಟಾಗಿ ಇಲ್ಲ, ಅದು ದೊಡ್ಡ ನಷ್ಟ. ನನಗೆ ನಿಜವಾದ ಹೆದರಿಕೆ ಇರುವುದು ಮೇಲಿನ ಬ್ಯಾಟಿಂಗ್ ಬಗ್ಗೆ, ಪ್ರತಿ ಸಲ ಆರು ಏಳನೇ ನಂಬರಿನವರೇ ಬಂದು ಎತ್ತಿ ನಿಲ್ಲಿಸುವುದು ಆಗುವ ಮಾತಲ್ಲ.

ನನ್ನ ಅಕ್ಕನ ಮಗ ಅಮೆರಿಕದ ಸಿಯಾಟಲ್‌ನಲ್ಲಿ ಇದ್ದಾನೆ, ಅಲ್ಲಿಯ ಬೇಸ್‌ಬಾಲ್ ಟೀಮು ಮರಿನರ್ಸ್ ಅಂದ್ರೆ ಪ್ರಾಣ ಅವನಿಗೆ. ಶುಕ್ರವಾರ ರಾತ್ರಿ ಫೋನ್ ಮಾಡಿ ಅವ ಹೇಳಿದ್ದು, "ಮಾವ, ನೀವು ಪುಣ್ಯವಂತರು, ನಿಮ್ಮ ಟೀಮು ಒಮ್ಮೆಯಾದ್ರೂ ಫೈನಲ್ ಮುಟ್ಟಿತು. ನಮ್ಮದು 1977ರಿಂದ ಆಡ್ತಾ ಉಂಟು, ವರ್ಲ್ಡ್ ಸೀರೀಸ್‌ಗೆ ಒಂದು ಸಲವೂ ಹೋಗಲಿಲ್ಲ." 2001ರಲ್ಲಿ ಆ ಟೀಮು 162 ಮ್ಯಾಚಿನಲ್ಲಿ 116 ಗೆದ್ದಿತ್ತಂತೆ, ಅಷ್ಟು ಗೆದ್ದೂ ವರ್ಲ್ಡ್ ಸೀರೀಸಿನ ಬಾಗಿಲಲ್ಲಿ ಯಾಂಕೀಸ್ ಎದುರು ಬಿದ್ದುಹೋಯ್ತು. ಅವರಲ್ಲಿ ಕೊನೆಯ ಸೀರೀಸ್ ಅಂದ್ರೆ ಏಳು ಮ್ಯಾಚು, ನಾಲ್ಕು ಗೆದ್ದವರಿಗೆ ಕಪ್ಪು. ಹಾಗಾಗಿ ಅಲ್ಲಿಯವರು ಮೊದಲೇ ಕೂತು ಲೆಕ್ಕ ಹಾಕ್ತಾರಂತೆ, ಯಾವ ಪಿಚರ್ ಯಾವ ದಿನ ಎಸೀತಾನೆ, ಯಾರಿಗೆ ಎಷ್ಟು ದಿನ ರೆಸ್ಟ್ ಬೇಕು, ಒಂದು ದಿನ ಸೋತ್ರೆ ಮರುದಿನ ಹೇಗೆ ಸರಿ ಮಾಡುವುದು ಅಂತ. ನಮ್ಮ ರಣಜಿಯಲ್ಲಿ ಆ ಮರುದಿನ ಇಲ್ಲ, ಇರುವುದು ಒಂದೇ ಮ್ಯಾಚು. ನನ್ನ ಮಟ್ಟಿಗೆ ಕೇರಳಕ್ಕೆ ಒಳ್ಳೆಯದಾಗುವುದೇ ಅದರಿಂದ, ಏಳು ಮ್ಯಾಚ್ ಆಡಿಸಿದ್ರೆ ವಿದರ್ಭವೇ ಗೆದ್ದೀತು, ಒಂದು ಮ್ಯಾಚಿನಲ್ಲಿ ಇಬ್ಬರು ಎರಡು ದಿನ ಕಲ್ಲಿನ ಹಾಗೆ ನಿಂತ್ರೆ ಸಾಕು.

ಯಾಕಂದ್ರೆ ಐದು ದಿನ ಆಡಿ ಡ್ರಾ ಆದ್ರೆ ಮೊದಲ ಇನ್ನಿಂಗ್ಸಿನ ಲೀಡ್ ಯಾರದ್ದೋ ಅವರಿಗೇ ಟ್ರೋಫಿ. ಟಾಸ್ ಗೆದ್ರೆ ಸಚಿನ್ ಬೇಬಿ ಎರಡು ಸಲ ಯೋಚಿಸದೆ ಬ್ಯಾಟಿಂಗ್ ತಗೊಳ್ಳಬೇಕು, ಅಹಮದಾಬಾದಿನಲ್ಲಿ ಮಾಡಿದ ಹಾಗೆಯೇ. ಅಲ್ಲಿ 187 ಓವರ್ ಆಡಿದ್ರು, ಟೀವಿ ನೋಡುವವರಿಗೆ ನಿದ್ದೆ ಬಂತು ಅಂತ ಪೇಟೆಯಲ್ಲಿ ಕೆಲವರು ಬೈದ್ರು, ಆ 187 ಓವರಿನಲ್ಲಿ ಕೊನೆಗೆ ಬೆಲೆ ಬಂದದ್ದು ಎರಡೇ ರನ್ನಿಗೆ ನೋಡಿ. ಟಾಸ್ ಸೋತ್ರೆ ವಿದರ್ಭವನ್ನು 350ರ ಒಳಗೆ ಕಟ್ಟಿಹಾಕ್ಬೇಕು, ಅದಕ್ಕೆ ಮೊದಲ ದಿನ ಬೆಳಿಗ್ಗೆ ನಿಧೀಶ್ ಎರಡಾದ್ರೂ ವಿಕೆಟ್ ಕೊಡ್ಬೇಕು. ಕೇಳಿದವರಿಗೆ ನಾನು ನೂರಕ್ಕೆ ನಲವತ್ತು ಕೇರಳ ಅಂತ ಹೇಳ್ತಾ ಇದ್ದೇನೆ, ಮೊದಲು ಬ್ಯಾಟಿಂಗ್ ಸಿಕ್ಕಿದ್ರೆ ಅರ್ಧಕ್ಕರ್ಧ. ಕೃಷ್ಣಗಿರಿಯ ದಿನ ನೂರಕ್ಕೆ ಹತ್ತೂ ಹೇಳ್ತಾ ಇರಲಿಲ್ಲ.

ನಾವು ಸಣ್ಣವರಿರುವಾಗ ಕೊತ್ತಳಿಗೆಯಲ್ಲಿ ಬ್ಯಾಟ್ ಕೆತ್ತಿ, ಗದ್ದೆ ಕೊಯ್ಲಾದ ಮೇಲೆ ಆಡಿದವರು. ಆಗ ನಮಗೆ ಹೇಳಿಕೊಳ್ಳಲಿಕ್ಕೆ ಇದ್ದದ್ದು, ಕುಂಬಳೆ ಅಂತ ನಮ್ಮ ಊರಿನ ಹೆಸರು ಹೊತ್ತುಕೊಂಡ ಒಬ್ಬರು ಬೆಂಗಳೂರಿನಿಂದ ಇಂಡಿಯಾಕ್ಕೆ ಆಡ್ತಾರೆ ಅಂತ ಮಾತ್ರ. ಇಲ್ಲೇ ಹುಟ್ಟಿ, ಇಲ್ಲೇ ಆಡಿ, ಇಲ್ಲಿಂದಲೇ ಹೋದವ ಒಬ್ಬ ರಣಜಿ ಫೈನಲ್‌ನಲ್ಲಿ ಕೀಪಿಂಗ್ ಗ್ಲೌಸ್ ಹಾಕಿ ನಿಲ್ಲುವುದನ್ನು ನಾನು ಈ ಬುಧವಾರ ಮೊದಲ ಸಲ ನೋಡುವುದು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ ಸಂಪಾದಕರೇ. ಬುಧವಾರದಿಂದ ಐದು ದಿನ ಕಾಸರಗೋಡಿನ ಪುಟದಲ್ಲಿ ಈ ಮ್ಯಾಚಿಗೆ ಸರಿಯಾದ ಜಾಗ ಕೊಡಿ, ತಳಂಗರೆಗೆ ನಿಮ್ಮ ವರದಿಗಾರರನ್ನು ಒಮ್ಮೆ ಕಳಿಸಿ, ಅಲ್ಲಿ ಜನ ಹೇಗೆ ನೋಡ್ತಾರೆ ಅಂತ ಕನ್ನಡದಲ್ಲಿ ಬರೀಲಿ. ಮತ್ತೆ ಸ್ಕೋರ್‌ಕಾರ್ಡ್ ಪೂರ್ತಿ ಹಾಕಿ. ಅಮ್ಮನಿಗೆ ಫೋನಿನ ಅಕ್ಷರ ಕಾಣುವುದಿಲ್ಲ, ಶನಿವಾರ ಪೇಪರ್ ಹಿಡ್ಕೊಂಡು "ಆ ತಳಂಗರೆಯ ಹುಡುಗ ಎಷ್ಟು ಮಾಡಿದ್ದು, ಎಲ್ಲಿ ಉಂಟು ತೋರಿಸು" ಅಂತ ಕೇಳಿದ್ರು, ನನಗೆ ತೋರಿಸ್ಲಿಕ್ಕೆ ಆಗಲಿಲ್ಲ.

ನಿಮ್ಮ ಹಳೆಯ ಓದುಗ,
ಬದಿಯಡ್ಕ, ಕಾಸರಗೋಡು
24-02-2025